ಯಾರೂ ಕರೆಯದ ಫೈಲುಗಳು

ಹೇಮಾಶ್ರೀಗೆ ಆ ವಾರ ಬೇಕಾಗಿದ್ದದ್ದು ಒಂದೇ ಒಂದು ಅರ್ಥವಾಗದ ಫೈಲು.

ಸಾಮಾನ್ಯವಾಗಿ ಕಂಪ್ಯೂಟರ್ ಜನ ಅರ್ಥವಾಗದ ಫೈಲು ಸಿಕ್ಕರೆ ಹಣೆ ಚಚ್ಚಿಕೊಳ್ಳುತ್ತಾರೆ. ಬರೆದವನ ಮೂರು ತಲೆಮಾರನ್ನು ನೆನೆಯುತ್ತಾರೆ. ಹೇಮಾಶ್ರೀ ಹಾಗಲ್ಲ. ಬೆಳಿಗ್ಗೆ ಬಂದು ದೇವರಿಗೆ ಊದಿನಕಡ್ಡಿ ಹಚ್ಚಿ, “ಸ್ವಾಮಿ, ಇವತ್ತಾದ್ರೂ ಒಂದು ತಲೆಬುಡ ಗೊತ್ತಾಗದೇ ಇರೋದನ್ನ ಕೊಡಪ್ಪಾ” ಎಂದು ಕೈಮುಗಿದೇ ಕೆಲಸಕ್ಕೆ ಕೂರುತ್ತಿದ್ದಳು. ಅಂಥದ್ದೊಂದು ಸಿಕ್ಕರೆ ಅವಳು ಗೆಳತಿ ಅಕ್ಷತಾಗೆ ಫೋನ್ ಮಾಡಬಹುದಿತ್ತು.

ಅರಸೀಕೆರೆಯ ಮಾರ್ಕೆಟ್ ಯಾರ್ಡಿನ ರಸ್ತೆಯಲ್ಲಿ, ಒಂದು ಕಬ್ಬಿಣದಂಗಡಿಯ ಮೇಲಿನ ಮಹಡಿಯಲ್ಲಿ ‘ಹೇಮಾಕ್ಷಿ ಕಂಪ್ಯೂಟರ್ಸ್’ ಎಂಬ ಬೋರ್ಡು ಈಗಲೂ ಇದೆ. ಹೇಮಾಶ್ರೀಯ ಹೇಮಾ, ಅಕ್ಷತಾಳ ಅಕ್ಷ. ಎರಡನ್ನೂ ಬೆಸೆದು ಬಾಲಕ್ಕೊಂದು ಗುಡಿಸು ಹಚ್ಚಿದ್ದು ಬೋರ್ಡು ಬರೆಯುವವನ ಔದಾರ್ಯ. ಹೊಸದರಲ್ಲಿ ಹಳ್ಳಿಯಿಂದ ಬಂದವರು ಯಾವುದೋ ಅಮ್ಮನವರ ಹೆಸರೆಂದುಕೊಂಡು ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟು ಬರುತ್ತಿದ್ದರು. ಒಬ್ಬ ಅಜ್ಜಿಯಂತೂ ಮಾನಿಟರಿನ ಮುಂದೆ ಒಂದು ಬಾಳೆಹಣ್ಣನ್ನೂ ಇಟ್ಟು ಹೋಗಿದ್ದಳು. ಗೆಳತಿಯರಿಬ್ಬರೂ ಅದನ್ನು ಪ್ರಸಾದವೆಂದು ಅರ್ಧರ್ಧ ತಿಂದಿದ್ದರು.

ಹೇಮಾಶ್ರೀ ಗಂಡಸಿ ಕಡೆಯ ಒಕ್ಕಲು ಮನೆಯವಳು. ಅಕ್ಷತಾ ಅರಸೀಕೆರೆ ಪೇಟೆಯ ಕೊಬ್ಬರಿ ವರ್ತಕರ ಮನೆಯವಳು. ಒಬ್ಬಳ ಮನೆಯಲ್ಲಿ ಕಾಯಿ ಬೀಳುತ್ತಿತ್ತು, ಇನ್ನೊಬ್ಬಳ ಮನೆಯಲ್ಲಿ ಅದಕ್ಕೆ ರೇಟು ಬೀಳುತ್ತಿತ್ತು. ಇಬ್ಬರೂ ಒಟ್ಟಿಗೆ ಕಂಪ್ಯೂಟರ್ ಓದಿ, ಕೊಬ್ಬರಿ ಮಂಡಿಗಳಿಗೆ ಬಿಲ್ ಹಾಕುವ ಒಂದು ಸಾಫ್ಟ್‌ವೇರ್ ಕಟ್ಟಿದರು. ಕೋಡ್ ಬರೆದರೆಂದು ಇಬ್ಬರಿಗೂ ಕೋಡೇನೂ ಮೂಡಲಿಲ್ಲ; ಬಗ್ ಹುಡುಕಿ ಹುಡುಕಿ ಬೆನ್ನು ಮಾತ್ರ ಬಗ್ಗಿತು. ಆದರೂ ಆ ಸಾಫ್ಟ್‌ವೇರ್ ಅರಸೀಕೆರೆಯಿಂದ ಹಿಡಿದು ಗಂಡಸಿ, ಜಾವಗಲ್ಲಿನವರೆಗೆ ಅಂಗಡಿ ಅಂಗಡಿಗೂ ಹಬ್ಬಿತು.

ಆಮೇಲೆ ಅಕ್ಷತಾ ಮದುವೆಯಾಗಿ ಬೇಲೂರಿಗೆ ಹೋದಳು. “ಬೇಲೂರೇನು ಲಂಡನ್ನಾ? ಫೋನ್ ಐತಲ್ಲೇ” ಅಂದಿದ್ದಳು. ಇತ್ತು ನಿಜ. ಮೊದಲ ವರ್ಷಗಳಲ್ಲಿ ಹೇಮಾಶ್ರೀ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ಅಕ್ಷತಾ ಹಲೋ ಅನ್ನುತ್ತಲೇ ಇರಲಿಲ್ಲ, “ಹೇಳೇ, ಏನ್ ಕೆಡಿಸ್ದೆ?” ಎಂದೇ ಮಾತು ಶುರು. ಈ ಫೈಲು ಯಾಕೆ, ಆ ಸಾಲು ಯಾಕೆ ಎಂದು ಕೇಳುವುದು, ಅದರ ಬಾಲ ಹಿಡಿದು ಅತ್ತೆಯ ಸುದ್ದಿ, ಸಾರಿನ ಸುದ್ದಿ, ಇಬ್ಬರ ಗಂಡಂದಿರ ಗೊರಕೆಯ ಸುದ್ದಿ. ಆದರೆ ಬಾಲ ಹಿಡಿಯಬೇಕಾದರೆ ಮೊದಲು ಹಸು ಬೇಕಲ್ಲ. ಹೇಮಾಶ್ರೀಗೆ ವರ್ಷ ಕಳೆದಂತೆ ದಿನಬಳಕೆಯ ಫೈಲುಗಳೆಲ್ಲ ತಿಳಿದುಹೋದವು. ಕೇಳುವುದಕ್ಕೆ ಏನೂ ಉಳಿಯಲಿಲ್ಲ. ಕೆಲಸವಿಲ್ಲದೆ ಫೋನ್ ಮಾಡುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ. ದಿನಕ್ಕೆರಡು ಇದ್ದದ್ದು ವಾರಕ್ಕೊಂದಾಯಿತು, ಹಬ್ಬಕ್ಕೊಂದಾಯಿತು, ಕೊನೆಗೆ ಹಬ್ಬಕ್ಕೆ ಹೂವಿನ ಚಿತ್ರ ಕಳಿಸುವಲ್ಲಿಗೆ ಬಂತು. ಒಂದು ವರ್ಷ ಅದೂ ಬರಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಜಗಳವೇ ಆಡದವರು ರಾಜಿಯನ್ನು ಎಲ್ಲಿಂದ ತರುವುದು?

ಹೀಗಿರುವಾಗ ಹಾಸನದ ಒಂದು ಕಂಪನಿ ಈ ಸಾಫ್ಟ್‌ವೇರನ್ನು ಕೊಳ್ಳಲು ಮುಂದೆ ಬಂತು. ಹಳೆಯದನ್ನೆಲ್ಲ ಹೊಸದಾಗಿ ಬರೆದು ಮೊಬೈಲಿಗೆ ಏರಿಸುವುದು ಅವರ ಯೋಜನೆ. ಅದಕ್ಕೆ ಮೊದಲು ಬಳಕೆಯಲ್ಲಿಲ್ಲದ ಫೈಲುಗಳನ್ನೆಲ್ಲ ತೆಗೆದು, ಚೊಕ್ಕಟ ಮಾಡಿ ಶುಕ್ರವಾರದೊಳಗೆ ಕೊಡಬೇಕು. ಹಾಗೆಂದು ಆ ಕಂಪನಿಯ ಶರತ್ ಫೋನಿನಲ್ಲಿ ಹೇಳಿದ.

“ಮೇಡಂ, ಡೆಡ್ ಫೈಲ್ಸ್ ಎಲ್ಲ ತೆಗ್ದು ಕೊಟ್ಬಿಡಿ, ಸಾಕು. ಸಿಂಪಲ್.”

“ಡೆಡ್ ಅಂತ ಹೆಂಗಪ್ಪಾ ಹೇಳೋದು? ಮೂಗಿನ ಹತ್ರ ಹತ್ತಿ ಹಿಡಿಲಾ?”

“ಅಯ್ಯೋ, ಟೂಲ್ ಇದೆ ಮೇಡಂ. ಯಾವ ಫೈಲನ್ನ ಬೇರೆ ಯಾವ ಫೈಲೂ ಕರೆಯಲ್ವೋ ಅದು ಡೆಡ್. ಅಷ್ಟೇ.”

ಯಾರೂ ಕರೆಯದಿದ್ದರೆ ಸತ್ತಂತೆ. ಹೇಮಾಶ್ರೀ ತನ್ನ ಮೊಬೈಲ್ ಫೋನಿನ ಕಡೆ ನೋಡಿ, “ಸರಿ ಬಿಡಪ್ಪ” ಅಂದಳು.

ಅವಳಿಗೆ ಹೊಳೆದದ್ದು ಆಗಲೇ. ಈ ರಾಶಿಯಲ್ಲಿ ಅರ್ಧ ಅಕ್ಷತಾ ಬರೆದದ್ದು. ಯಾವುದೋ ಮೂಲೆಯಲ್ಲಿ ತನಗೆ ಗೊತ್ತಿಲ್ಲದ ಒಂದಾದರೂ ಇದ್ದೀತು. ಇದ್ದರೆ ಫೋನ್ ಮಾಡಿ, “ಏನೇ ಇದು, ಇಡಲಾ ಬಿಸಾಕಲಾ?” ಎಂದು ನ್ಯಾಯವಾಗಿ ಕೇಳಬಹುದು. ಶುಕ್ರವಾರ ದಾಟಿದರೆ ಅದೂ ಇಲ್ಲ. ಆ ಕೋಡೇ ಹೋದ ಮೇಲೆ ಇಬ್ಬರ ನಡುವೆ ಕೇಳುವುದಕ್ಕೆ ಏನಿರುತ್ತದೆ?

ಕೆಲಸ ಶುರುವಾಯಿತು. ಟೂಲ್ ಕೊಟ್ಟ ಪಟ್ಟಿಯನ್ನು ಹೇಮಾಶ್ರೀ ಸುಮ್ಮನೆ ನಂಬುವವಳಲ್ಲ. ಅವಳದೊಂದು ನಾಟಿ ಪದ್ಧತಿ. ಯಾರೂ ಕರೆಯುತ್ತಿಲ್ಲ ಎಂದು ತೋರಿದ ಫೈಲನ್ನು ತಕ್ಷಣ ಅಳಿಸದೆ ‘ಹಿತ್ತಲು’ ಎಂಬ ಹೆಸರಿನ ಫೋಲ್ಡರಿಗೆ ಸಾಗಹಾಕಿ, ಅಂಗಡಿಗಳ ಕಂಪ್ಯೂಟರಿಗೂ ಹಾಗೆಯೇ ಕಳಿಸಿ, ಒಂದೆರಡು ದಿನ ಕಾಯುವುದು. ಯಾರಾದರೂ ಬೊಬ್ಬೆ ಹೊಡೆದರೆ ಅದಕ್ಕೆ ಜೀವವಿದೆ ಎಂದರ್ಥ.

ಮೊದಲ ಬೊಬ್ಬೆ ಮಂಡಿ ರೇವಣಸಿದ್ದಪ್ಪನವರದು.

“ಹೇಮಮ್ಮಾ! ಏನಮ್ಮಾ ಮಾಡ್ಬಿಟ್ಟೆ ನೀನು? ರಾಹುಕಾಲದಲ್ಲಿ ಬೋಣಿ ಬಿಲ್ ಬಂದ್ಬಿಡ್ತಲ್ಲಮ್ಮಾ!”

“ರಾಹುಕಾಲದಲ್ಲಿ ನೀವ್ಯಾಕೆ ಬಿಲ್ ಹಾಕಿದ್ರಿ ಅಪ್ಪಾಜಿ?”

“ನಾನೆಲ್ ನೋಡ್ತೀನಮ್ಮ? ನಿನ್ನ ಕಂಪ್ಯೂಟರೇ ಇಷ್ಟು ದಿನ ತಡೀತಿತ್ತು. ದಿನದ ಮೊದಲ್ನೇ ಬಿಲ್ ಆ ಹೊತ್ನಲ್ಲಿ ಒತ್ತಿದ್ರೆ ಬರ್ತಾನೇ ಇರ್ಲಿಲ್ಲ. ಬರ್ಲಿಲ್ಲ ಅಂದ್ರೆ ರಾಹುಕಾಲ ಅಂತ ನಾನು ಕಾಫಿಗೆ ಹೋಗಿ ಬರ್ತಿದ್ದೆ. ಬರೋ ಹೊತ್ಗೆ ಸರಿಯಾಗಿರೋದು.”

ಹೇಮಾಶ್ರೀ ಹಿತ್ತಲಿಗೆ ಹೋಗಿ ನೋಡಿದಳು. ಇತ್ತು. ವಾರ ವಾರದ ರಾಹುಕಾಲ ನೋಡಿ ಬೋಣಿ ಬಿಲ್ಲನ್ನು ತಡೆಹಿಡಿಯುವ ಫೈಲು. ಹಳೆಯ ಕಂಪ್ಯೂಟರಿನ ಐಕಾನಿಗೇ ನೇರವಾಗಿ ಕಟ್ಟಿದ್ದರಿಂದ ಆ ನಂಟು ಟೂಲಿನ ಕಣ್ಣಿಗೆ ಬಿದ್ದಿರಲಿಲ್ಲ. ಅದರ ನೆತ್ತಿಯ ಮೇಲೆ ಅಕ್ಷತಾ ಬರೆದಿದ್ದಳು, ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚ ಕನ್ನಡ: ‘ಇದು ರೇವಣಸಿದ್ದಪ್ಪ ದೊಡ್ಡಪ್ಪನ ಕಾಟಕ್ಕೆ. ಹೇಮಾ, ನಗಬೇಡ.’

ಹೇಮಾಶ್ರೀ ನಕ್ಕು, ಅದನ್ನು ಹಿತ್ತಲಿನಿಂದ ವಾಪಸ್ ಒಳಗೆ ತಂದಳು. ಆಮೇಲೆ ಮುಖ ಸಣ್ಣದಾಯಿತು. ಇದೂ ಅರ್ಥವಾಗಿಹೋಯಿತಲ್ಲ!

ಅಕ್ಷತಾಳ ಗುಣವೇ ಅದು. ಪ್ರತಿ ಫೈಲಿನ ಮೇಲೂ ಒಂದು ಮಾತು ಬರೆದಿಟ್ಟೇ ಹೋಗಿದ್ದಳು. ‘ಇದನ್ನ ತೆಗೀಬೇಡ, ತೆಗೆದ್ರೆ ಮಾರ್ಚ್‌ನಲ್ಲಿ ಅಳ್ತೀಯ.’ ‘ಇದು ನಾನು ಬರೆದದ್ದಲ್ಲ, ನೀನು ಬರೆದದ್ದು, ನಾನು ಬರೀ ಮಾನ ಮುಚ್ಚಿದ್ದೀನಿ.’ ‘ಇದು ಯಾರದೋ ಕೋಡು, ಕಡ ತಂದಿದ್ದು.’ ಕಡತದಲ್ಲಿ ಕಡ ತಂದದ್ದಕ್ಕೂ ಲೆಕ್ಕವಿಟ್ಟ ಪುಣ್ಯಾತ್ಗಿತ್ತಿ. ಇಷ್ಟು ಬಿಡಿಸಿ ಬರೆದರೆ ಉಳಿದವರು ಏನನ್ನು ಕೇಳಬೇಕು? ಒಂದೊಂದನ್ನು ಓದುವಾಗಲೂ ಆ ಧ್ವನಿ ಪಕ್ಕದ ಕುರ್ಚಿಯಿಂದಲೇ ಬಂದಂತಾಗುತ್ತಿತ್ತು. ಪಕ್ಕದ ಕುರ್ಚಿಯ ಮೇಲೆ ಈಗ ಪ್ರಿಂಟರ್ ಕಾಗದದ ಕಟ್ಟು.

ಬುಧವಾರದ ಹೊತ್ತಿಗೆ ಪಟ್ಟಿ ಕರಗಿ ತಳ ಕಾಣಿಸಿತು. ತಳದಲ್ಲಿ, ಸ್ವಾಮಿಗೆ ಊದಿನಕಡ್ಡಿಯ ಹೊಗೆ ತಟ್ಟಿತೋ ಏನೋ, ಸಿಕ್ಕೇ ಬಿಟ್ಟಿತು.

ಹತ್ತೇ ಸಾಲಿನ ಫೈಲು. ಯಾರೂ ಕರೆಯುತ್ತಿರಲಿಲ್ಲ. ಹಿತ್ತಲಿಗೆ ಹಾಕಿದಾಗ ಯಾರೂ ಕೂಗಿರಲಿಲ್ಲ. ನೆತ್ತಿಯ ಮೇಲೆ ಒಂದಕ್ಷರವೂ ಇಲ್ಲ. ಒಳಗೆ, ಕೊಬ್ಬರಿ ಚೀಲಕ್ಕೆ ಅಂಟಿಸುವ ಚೀಟಿಯ ಕ್ರಮಸಂಖ್ಯೆಯಂತೆ ಏನೋ ಇತ್ತು. ಆದರೆ ಒಂದು ಇರಬೇಕಾದ ಕಡೆ ಇಂಗ್ಲಿಷಿನ ಎಲ್. ಆಮೇಲೆ ಎರಡು, ಮೂರು, ನಾಲ್ಕು, ಐದು, ಆರು ಸರಿಯಾಗಿಯೇ ಇದ್ದವು. ಏಳು ಇರಬೇಕಾದ ಕಡೆ ಆರು ಕೂಡಿಸು ಒಂದು. ಮತ್ತೆ ಎಂಟು, ಒಂಬತ್ತು, ಹತ್ತು.

ಹೇಮಾಶ್ರೀಗೆ ತಲೆಬುಡ ತಿಳಿಯಲಿಲ್ಲ. ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದಳು.

ಆದರೂ ಕೂಡಲೇ ಫೋನ್ ಮಾಡಲಿಲ್ಲ. ಮಕ್ಕಳು ಕೊಬ್ಬರಿ ಮಿಠಾಯಿಯ ಕೊನೇ ತುಂಡನ್ನು ಕೆನ್ನೆಯಲ್ಲಿಟ್ಟುಕೊಂಡು ಕರಗಿಸುವುದಿಲ್ಲವೇ, ಹಾಗೆ. ಪೂರಾ ಯೋಚಿಸಿ, ನಿಜವಾಗಿಯೂ ತನಗೆ ಗೊತ್ತಾಗುವುದಿಲ್ಲ ಎಂದು ಖಚಿತಪಡಿಸಿಕೊಂಡೇ ಕೇಳಬೇಕು. ಇಲ್ಲದಿದ್ದರೆ “ಅಷ್ಟೂ ಗೊತ್ತಾಗಲ್ವೇನೇ ದಡ್ಡಿ” ಎಂದು ಬೈಸಿಕೊಳ್ಳಬೇಕಾಗುತ್ತದೆ. ಬೈಸಿಕೊಂಡರೂ ಪರವಾಗಿಲ್ಲ ಎನ್ನಿಸಿದ್ದೂ ಉಂಟು. ಎಲ್ ಅಂದರೆ ಲಾಟ್ ಇರಬಹುದೇ? ಲಾಸ್ಟ್? ಕೊನೆಯದು ಮೊದಲೇ ಯಾಕೆ ಬಂತು? ಆರು ಕೂಡಿಸು ಒಂದು ಯಾವ ಬಗ್ಗಿಗೆ ಹಚ್ಚಿದ ತೇಪೆ? ಆಗಿನ ಪ್ರಿಂಟರಿಗೆ ಏಳು ಬರೆಯಲು ಬರುತ್ತಿರಲಿಲ್ಲವೇ? ಯೋಚನೆ ಹರಿಯಲಿಲ್ಲ. ಹರಿಯದಿದ್ದಷ್ಟೂ ಖುಷಿಯಾಯಿತು. ನಾಳೆ ಮಧ್ಯಾಹ್ನ ಊಟವಾದ ಮೇಲೆ, ಅಕ್ಷತಾ ಬಿಡುವಾಗಿರುವ ಹೊತ್ತು ನೋಡಿ ಮಾಡಬೇಕು ಎಂದುಕೊಂಡಳು. ಮೊದಲ ವಾಕ್ಯವನ್ನೂ ಕೂಡಿಸಿಕೊಂಡಳು.

ಗುರುವಾರ ಬೆಳಿಗ್ಗೆ ಮನೆಯಲ್ಲಿ ಅವ್ವ ಬೋರಮ್ಮ ಮಿಲ್ಲಿಗೆ ಕಳಿಸಲು ರಾಗಿ ಅಳೆಯುವುದಕ್ಕೆ ಕರೆದಳು. ಅವ್ವನಿಗೆ ಮೊಣಕಾಲು ನೋವು, ಬಗ್ಗಲಾಗದು. ಚೀಲದ ಬಾಯಿ ಹಿಡಿದು ನಿಂತಳು. ಹೇಮಾಶ್ರೀ ಸೇರು ಹಿಡಿದು ಕುಕ್ಕರಗಾಲಲ್ಲಿ ಕೂತಳು. ಮನಸ್ಸೆಲ್ಲ ಬೇಲೂರಿನಲ್ಲಿತ್ತು. ಕೈ ತನ್ನ ಪಾಡಿಗೆ ತಾನು ಅಳೆಯುತ್ತಿತ್ತು, ಬಾಯಿ ತನ್ನ ಪಾಡಿಗೆ ತಾನು ಎಣಿಸುತ್ತಿತ್ತು.

“ಲಾಭ... ಎರಡು... ಮೂರು... ನಾಕು... ಐದು... ಆರು... ಮತ್ತೊಂದು...”

ಸೇರು ಗಾಳಿಯಲ್ಲಿ ನಿಂತುಬಿಟ್ಟಿತು.

“ಯಾಕೆ ನಿಂತ್ಯೇ? ಮತ್ತೊಂದಾದ್ಮೇಲೆ ಎಂಟು ಕಣೇ, ಮರ್ತೋಯ್ತಾ?” ಅಂದಳು ಬೋರಮ್ಮ. “ಅಳೆಯೋವಾಗ ನಡುವೆ ನಿಲ್ಲಿಸ್ಬಾರ್ದು.”

“ಅವ್ವಾ... ನಾನು ಮೊದಲ್ನೇದಕ್ಕೆ ಏನಂದೆ?”

“ಲಾಭ ಅಂದೆ. ಇನ್ನೇನಂತಾರೆ? ಒಂದು ಅಂತ ಶುರು ಮಾಡಿದ್ರೆ ಮನೇಲಿ ಒಂದೇ ಉಳೀತದೆ. ಲಾಭ ಅನ್ಬೇಕು. ಏಳು ಬಾಯಲ್ಲಿ ಅನ್ಬಾರ್ದು, ಮತ್ತೊಂದು ಅನ್ಬೇಕು. ಹಾಲು ಕುಡಿಯೋವಾಗ್ಲೇ ಕಲ್ತಿದ್ದಲ್ಲ ನೀನು?”

ಎಲ್ ಅಂದರೆ ಲಾಭ. ಆರು ಕೂಡಿಸು ಒಂದು ಅಂದರೆ ಆರು, ಮತ್ತೊಂದು. ಮೊದಲ ಚೀಲದ ಮೇಲೆ ‘ಒಂದು’ ಎಂದು ಚೀಟಿ ಅಂಟಿಸಿಕೊಳ್ಳಲು ಒಪ್ಪದ ಯಾವುದೋ ಮಂಡಿಯವರಿಗಾಗಿ ಅಕ್ಷತಾ ಮಾಡಿಕೊಟ್ಟದ್ದು. ಅವಳು ಮೇಲೆ ಏನೂ ಬರೆಯಲಿಲ್ಲ, ಏಕೆಂದರೆ ಇದು ಹೇಮಾಗೆ ತಿಳಿಯದೇ ಇರುವ ಸಂಗತಿ ಎಂದು ಅವಳಿಗೆ ಅನ್ನಿಸಿರಲೇ ಇಲ್ಲ. ಹುಟ್ಟಿದಂದಿನಿಂದ ಕಿವಿಯ ಮೇಲೆ ಬಿದ್ದದ್ದನ್ನು ಹೇಮಾಶ್ರೀ ಪರದೆಯ ಮೇಲೆ ಕಂಡಾಗ ಗುರುತಿಸಲಿಲ್ಲ. ಈಗಲೂ ಗುರುತಿಸದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

“ಅಯ್ಯೋ, ಗೊತ್ತಾಗ್ಬಿಡ್ತಲ್ಲವ್ವಾ” ಎಂದು ಅವಳು ರಾಗಿ ರಾಶಿಯ ಮುಂದೆ ಕೂತೇ ಕಣ್ಣೊರೆಸಿಕೊಂಡಳು.

“ಗೊತ್ತಾದ್ರೆ ಅಳ್ತಾರೇನೇ?” ಬೋರಮ್ಮ ಚೀಲದ ಬಾಯಿ ಬಿಟ್ಟು ಮಗಳ ತಲೆ ಮುಟ್ಟಿ ನೋಡಿದಳು. “ಜ್ವರ ಏನಿಲ್ವಲ್ಲ. ಕಂಪ್ಯೂಟರ್ ಮುಂದೆ ಜಾಸ್ತಿ ಕೂತ್ಕೋಬೇಡ ಅಂದ್ರೆ ಕೇಳಲ್ಲ.”

ಮಧ್ಯಾಹ್ನ ಊಟವಾಯಿತು. ಫೋನ್ ಮಾಡುವ ಹಕ್ಕು ಈಗ ಉಳಿದಿರಲಿಲ್ಲ. ಆದರೂ ಬೆರಳು ಕೇಳಲಿಲ್ಲ.

“ಹಲೋ, ಯಾರ್ ಮಾತಾಡ್ತಿರೋದು?” ಅಂದಿತು ಆ ಕಡೆಯ ಧ್ವನಿ.

ಹೆಸರು ಬಂದಿಲ್ಲ ಹಾಗಾದರೆ ಅವಳ ಫೋನಿನಲ್ಲಿ.

“ನಾನು... ಹೇಮಾ. ಅರಸೀಕೆರೆಯಿಂದ.”

“ಹೇಮಾ! ಅಯ್ಯೋ, ಹೊಸ ಫೋನ್ ಕಣೇ, ನಂಬರೆಲ್ಲ ಹೋಗ್ಬಿಟ್ಟಿದೆ. ಹೇಳು ಹೇಳು.” ಹಿಂದೆ ಜೆರಾಕ್ಸ್ ಮೆಷಿನ್ನಿನ ಸದ್ದು. ಬೇಲೂರಿನ ಬಸ್ ನಿಲ್ದಾಣದ ಹತ್ತಿರ ಅಕ್ಷತಾ ಅಂಗಡಿ ಇಟ್ಟಿರುವುದು ಹೇಮಾಶ್ರೀಗೆ ಯಾರಿಂದಲೋ ತಿಳಿದಿತ್ತು.

ಕೂಡಿಸಿಕೊಂಡಿದ್ದ ವಾಕ್ಯವೇ ಬಾಯಿಗೆ ಬಂತು. “ಒಂದು ಫೈಲು ಇದೆ ಕಣೇ. ಚೀಲದ ಚೀಟೀದು. ಒಂದರ ಬದಲು ಎಲ್ ಅಂತಿದೆ. ಏಳರ ಬದಲು ಆರು ಪ್ಲಸ್ ಒಂದು. ಏನದು?”

“ಎಲ್ ಅಂತಾನಾ?” ಅಕ್ಷತಾ ಯೋಚಿಸಿದಳು. “ಒಂದ್ನಿಮಿಷ... ರೀ, ಎರಡೂ ಕಡೆ ಬೇಕಾ ಕಾಪಿ?... ಹೇಮಾ, ನೆನಪೇ ಬರ್ತಿಲ್ಲ ಕಣೇ. ಅದೆಲ್ಲ ಯಾವ್ ಜನ್ಮದ್ದೋ ಅನ್ಸುತ್ತೆ. ಯಾರಾದ್ರೂ ಯೂಸ್ ಮಾಡ್ತಿದ್ದಾರಾ?”

“ಇಲ್ಲ.”

“ಮತ್ತಿನ್ನೇನು, ತೆಗೆದಾಕು. ಇಷ್ಟಕ್ಕೆಲ್ಲ ನನ್ನನ್ನ ಕೇಳ್ಬೇಕಾ? ನಿಂಗೇ ನನಗಿಂತ ಚೆನ್ನಾಗಿ ಗೊತ್ತು ಈಗ.”

“ಸರಿ ಹಾಗಾದ್ರೆ.”

“ಇನ್ನೇನು?”

ಇನ್ನೇನು ಎಂಬ ಪ್ರಶ್ನೆಗೆ ಹೇಮಾಶ್ರೀಯ ಹತ್ತಿರ ಒಂದಿಡೀ ರಾತ್ರಿಗಾಗುವಷ್ಟು ಉತ್ತರವಿತ್ತು. “ಏನಿಲ್ಲ, ಅಷ್ಟೇ” ಅಂದಳು.

“ಬರ್ತಾ ಇರೇ ಈ ಕಡೆ” ಎಂದಳು ಅಕ್ಷತಾ, ಎಲ್ಲರೂ ಎಲ್ಲರಿಗೂ ಅನ್ನುವ ಹಾಗೆ. ಫೋನ್ ನಿಂತಿತು.

ಶುಕ್ರವಾರ ಹೇಮಾಶ್ರೀ ಆ ಹತ್ತು ಸಾಲನ್ನೂ ಅಳಿಸಿದಳು. ಹಿತ್ತಲನ್ನು ಪೂರ್ತಿ ಗುಡಿಸಿದಳು. ಶರತ್ ಫೋನ್ ಮಾಡಿ, “ಸೂಪರ್ ಮೇಡಂ, ಸಕತ್ ಕ್ಲೀನಾಗಿದೆ” ಅಂದ. ಕ್ಲೀನಾಗಿದೆ ನಿಜ. ಅಂಗಡಿಯ ಬಾಗಿಲು ಎಳೆದುಕೊಳ್ಳುವಾಗ ಬೀಗ ಹಾಕಬೇಕೋ ಬೇಡವೋ ಎಂದು ಅವಳು ಅನುಮಾನಿಸಿದಳು. ಒಳಗೆ ಕದಿಯುವಂಥದ್ದು ಏನುಳಿದಿದೆ ಎನ್ನಿಸಿತ್ತು.

ಭಾನುವಾರ ಬೆಳಿಗ್ಗೆ ಅವಳು ಬೇಲೂರಿನ ಬಸ್ಸು ಹತ್ತಿದಳು.

ಗಂಡ ರೈಲ್ವೆ ಗಾರ್ಡು. ಡ್ಯೂಟಿ ಮುಗಿಸಿ ಆಗಷ್ಟೇ ಮನೆಗೆ ಬಂದವನು, “ಏನ್ ಕೆಲ್ಸ?” ಎಂದು ಕೇಳಿದ್ದಕ್ಕೆ ಬಾಯಿಗೆ ಬಂದದ್ದು ಹೇಳಿ ಹೊರಟಿದ್ದಳು. ಬಸ್ಸಿನಲ್ಲಿ ಪಕ್ಕಕ್ಕೆ ಮುನಿಯಮ್ಮನೆಂಬ ಹೆಂಗಸು ಕೂತಳು. ಕೂತ ಕೂಡಲೇ ತನ್ನ ಹೆಸರು, ತನ್ನೂರು ಬಸ್ತಿಹಳ್ಳಿ, ಅರಸೀಕೆರೆಯಲ್ಲಿ ಮಗಳ ಬಾಣಂತನ, ಎಲ್ಲವನ್ನೂ ಒಪ್ಪಿಸಿ, ಈಗ ನಿನ್ನ ಸರದಿ ಎಂಬಂತೆ ತಿರುಗಿದಳು.

“ಎಲ್ಲಿಗವ್ವಾ?”

“ಬೇಲೂರಿಗೆ.”

“ದೇವಸ್ಥಾನಕ್ಕಾ?”

“ಅಲ್ಲ.”

“ಆಸ್ಪತ್ರೆಗಾ?”

“ಇಲ್ಲಮ್ಮ. ಗೆಳತಿ ಮನೆಗೆ.”

“ಏನ್ ಕಾರ್ಯ ಮಡಗವ್ರೆ?”

“ಕಾರ್ಯ ಏನಿಲ್ಲ.”

ಮುನಿಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, ತನ್ನ ಬ್ಯಾಗನ್ನು ಆ ತೊಡೆಯಿಂದ ಈ ತೊಡೆಗೆ ಇಟ್ಟುಕೊಂಡಳು. ಹಳೇಬೀಡಿನಲ್ಲಿ ಇಳಿಯುವವರೆಗೂ ಮತ್ತೆ ಮಾತಾಡಲಿಲ್ಲ.

ಜಾವಗಲ್ಲಿನಿಂದಲೇ ಹೇಮಾಶ್ರೀ ಒಂದೊಂದು ನೆಪವನ್ನು ಎತ್ತಿ ನೋಡುತ್ತ ಬಂದಿದ್ದಳು. ಕಂಪನಿಯ ಕಾಗದಕ್ಕೆ ಸಹಿ ಬೇಕಿತ್ತು ಎನ್ನಲೇ? ಬೇಕಿರಲಿಲ್ಲ. ಚೆನ್ನಕೇಶವನಿಗೆ ಹರಕೆ ಎನ್ನಲೇ? ದೇವರನ್ನು ಸುಳ್ಳಿಗೆ ಸಾಕ್ಷಿ ಹಾಕಬಾರದು. ಇಲ್ಲೇ ಅರೇಹಳ್ಳಿಗೆ ಬಂದಿದ್ದೆ, ಹಾಗೇ ಹಾಯ್ದು ಹೋಗೋಣ ಅಂತ? ಅರೇಹಳ್ಳಿಯಲ್ಲಿ ಅವಳಿಗೆ ಒಂದು ನರಪಿಳ್ಳೆಯೂ ಗೊತ್ತಿಲ್ಲ. ಹಳೇಬೀಡಿನಲ್ಲಿ ಪ್ರವಾಸಿಗಳ ಹಿಂಡು ಇಳಿದು ಬಸ್ಸು ಹಗುರಾಯಿತು. ನೆಪಗಳೂ ಒಂದೊಂದಾಗಿ ಕಿಟಕಿಯಿಂದಾಚೆ ಹೋದವು. ಬೇಲೂರಿನಲ್ಲಿ ಇಳಿದಾಗ ಅವಳ ಕೈಯಲ್ಲಿದ್ದದ್ದು ಬರೀ ಪರ್ಸು.

ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಅಕ್ಷತಾ ಮೆಷಿನ್ನಿನ ಮುಚ್ಚಳ ಎತ್ತಿ ಯಾರದೋ ಆಧಾರ್ ಕಾರ್ಡನ್ನು ಸರಿಮಾಡುತ್ತಿದ್ದಳು. ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ತಲೆಯೆತ್ತಿದಳು. ಕಾರ್ಡು ಗಾಜಿನ ಮೇಲೇ ಉಳಿಯಿತು.

“ಹೇಮಾ! ಏನೇ? ಏನಾಯ್ತೇ?”

“ಏನಾಗಿಲ್ಲ.”

“ಅಮ್ಮಂಗೇನಾದ್ರೂ...?”

“ಗುಂಡುಕಲ್ಲಿನ ಹಾಗವ್ಳೆ.”

“ಮತ್ತೆ, ಮಗನ ಮದುವೇನಾ? ಪತ್ರಿಕೆ ಕೊಡೋಕೆ ಬಂದ್ಯಾ?”

“ಅವನಿನ್ನೂ ಪಿಯುಸಿ ಕಣೇ.”

“ಆ ಫೈಲು ತೆಗೆದು ಏನಾದ್ರೂ ಕೆಟ್ಟೋಯ್ತಾ? ಮಂಡಿಯವ್ರು ಯಾರಾದ್ರೂ ಕೂಗಾಡಿದ್ರಾ?”

“ಏನೂ ಕೆಟ್ಟಿಲ್ಲ. ಎಲ್ಲ ಹಾಸನಕ್ಕೆ ಕೊಟ್ಟಾಯ್ತು.”

ಅಕ್ಷತಾಳ ಪ್ರಶ್ನೆಗಳು ಮುಗಿದವು. ಅವಳು ಗೆಳತಿಯ ಕೈ ನೋಡಿದಳು, ಹೆಗಲು ನೋಡಿದಳು. ಕವರಿಲ್ಲ, ಲ್ಯಾಪ್‌ಟಾಪಿಲ್ಲ, ಹಣ್ಣಿನ ಚೀಲವೂ ಇಲ್ಲ.

“ಮತ್ತೆ ಯಾಕ್ ಬಂದೆ?”

“ಸುಮ್ನೆ ಬಂದೆ” ಅಂದಳು ಹೇಮಾಶ್ರೀ. ಬಾಯಿಗೆ ಅಭ್ಯಾಸವಿಲ್ಲದ ಮಾತು, ನಾಲಿಗೆ ಎಡವಿತು. “ನಿನ್ನ ನೋಡೋಣ ಅಂತ. ಸುಮ್ನೆ.”

ಮೆಷಿನ್ನು ತನ್ನಷ್ಟಕ್ಕೆ ಒಂದು ಕಾಪಿ ಉಗುಳಿತು. ಕಾರ್ಡಿನವನು ಕೆಮ್ಮಿದ.

“ಅಕ್ಕಾ, ನಂದು ಇನ್ನೊಂದು ಕಾಪಿ...”

“ಆಮೇಲೆ ಬನ್ನಿ” ಅಂದಳು ಅಕ್ಷತಾ, ಅವನ ಕಡೆ ತಿರುಗದೆ.

“ಯಾಕಕ್ಕಾ, ಕರೆಂಟ್ ಹೋಯ್ತಾ?”

“ಕರೆಂಟ್ ಐತೆ. ನಂಗೆ ಕೆಲ್ಸ ಐತೆ” ಎಂದು ಅವಳು ಷಟರ್ ಅರ್ಧಕ್ಕೆ ಎಳೆದು, ಒಳಗಿದ್ದ ಎರಡನೇ ಕುರ್ಚಿಯ ಮೇಲಿನ ಕಾಗದದ ಕಟ್ಟುಗಳನ್ನು ಎತ್ತಿ ಎತ್ತಿ ನೆಲಕ್ಕಿಡತೊಡಗಿದಳು.